ಮಾಂಸವು ಮೆತ್ತಗಾಗುವುದು ಹೇಗೆ?

ಬೇಯುವುದೆಂದರೇನು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಅನೇಕರಿಗೆ ನಗು ಬರುವುದು. ಪಾತ್ರೆಯನ್ನು ಒಲೆಯ ಮೇಲಿಟ್ಟರೆ ನೀರು ಕುದಿಯುವುದು, ನೀರು ಕುದಿದರೆ ಒಳಗಿನ ಪದಾರ್ಥ ಬೇಯುವುದು, ಇದರಲ್ಲಿ ಕೇಳತಕ್ಕದ್ದೇನಿದೆ? ನಾವೂ ಹಾಗೆಯೇ ಎಣಿಸಿದ್ದೆವು. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಹತ್ತು ವರ್ಷಗಳಿಂದ ಉಷ್ಣಶಾಸ್ತ್ರವನ್ನು ಬೋಧಿಸುತ್ತ ಬಂದಿದ್ದರೂ ನಮ್ಮ ಮನೆಯ ಅಡಿಗೆಯ ಕೋಣೆಯಲ್ಲಿ ಅದೇ ಶಾಸ್ತ್ರ ದಿನಕ್ಕೆ ಮೂರು ಸಲ ನಡೆಯುತ್ತಿದೆ ಎಂಬುದು ನಮಗೆ ತೋರಿರಲಿಲ್ಲ. ಒಂದು ತುಂಡು ಹಂದಿಯ ಮಾಂಸ ನಮ್ಮನ್ನು ಎಚ್ಚರಿಸಬೇಕಾಯಿತು.

ಸಂಗತಿ ನಡೆದದ್ದು ಕಳೆದ ಮಳೆಗಾಲದ ಒಂದು ಭಾನುವಾರ. ಈಚೆಗೆ ನಮ್ಮ ವಿದ್ಯಾರ್ಥಿಗಳಲ್ಲಿ ಕೊರಿಯಾ ದೇಶದ ಧಾರಾವಾಹಿಗಳನ್ನು ನೋಡದವರು ವಿರಳ. ಅವರ ಮಾತಿನಲ್ಲಿ ಜಾಂಗ್‌ಜೊರಿಮ್ ಎಂಬ ಒಂದು ಪದಾರ್ಥದ ಹೆಸರು ನಮ್ಮ ಕಿವಿಗೆ ಬಿದ್ದಿತ್ತು. ದನದ ಅಥವಾ ಹಂದಿಯ ಮಾಂಸವನ್ನು ಸೋಯಾ ಸಾಸಿನ ರಸದಲ್ಲಿ ಬಹಳ ಹೊತ್ತು ಸಣ್ಣ ಉರಿಯಲ್ಲಿ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಬೇಯಿಸಿದ ಮೊಟ್ಟೆಯೊಡನೆ ಅನ್ನದ ಜೊತೆಗೆ ಕೊಡುವರು. ಆ ನಾಡಿನಲ್ಲಿ ಇದು ಚಿಕ್ಕ ಮಕ್ಕಳ ಮೆಚ್ಚಿನ ವ್ಯಂಜನ. ನಮ್ಮ ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಬಂಧುಗಳು ಉಡುಗೊರೆಯಾಗಿ ಕೊಟ್ಟ ಏರ್ ಫ್ರೈಯರ್ ಒಂದು ಕಪಾಟಿನ ಮೇಲೆ ಧೂಳು ಹಿಡಿಯುತ್ತಿತ್ತು. ಇವೆರಡನ್ನೂ ಕೂಡಿಸಿದರೆ ಹೇಗೆ ಎಂಬ ಆಲೋಚನೆ ಬಂದಿತು. ಕೊಬ್ಬಿಲ್ಲದ ಒಳ್ಳೆಯ ತುಂಡು ಮಗುವಿಗೆ ಲೇಸೆಂದು ಬೆನ್ನಿನ ಭಾಗದ ಮಾಂಸವನ್ನೇ ಆರಿಸಿ ತಂದು, ಸೋಯಾ ಸಾಸು ಸವರಿ, ಯಂತ್ರದ ಬುಟ್ಟಿಯಲ್ಲಿ ಹಾಗೆಯೇ ಇಟ್ಟು, ೨೦೦ ಡಿಗ್ರಿಗೆ ತಿರುಗಿಸಿ ಇಪ್ಪತ್ತೈದು ನಿಮಿಷ ಕಾದೆವು. ಹೊರಗೆ ಕಂದುಬಣ್ಣ, ಘಮಘಮಿಸುವ ವಾಸನೆ. ನೋಟಕ್ಕೆ ಏನೂ ಕೊರತೆಯಿರಲಿಲ್ಲ.

ಎರಡನೆಯ ತುತ್ತಿಗೆ ಮಗು ಕೆಮ್ಮಲಾರಂಭಿಸಿತು. ಮೂರನೆಯ ಕ್ಷಣಕ್ಕೆ ಕೆಮ್ಮೂ ನಿಂತಿತು. ಬಾಯಿ ತೆರೆದಿದೆ, ಶಬ್ದವಿಲ್ಲ. ಕಳಸದ ಕಡೆಯವರಾದ ನಮ್ಮ ತಾಯಿಯವರು ಪಕ್ಕದಲ್ಲಿಯೇ ಇದ್ದರು. ನಾವು ದಿಗ್ಭ್ರಮೆಯಿಂದ ನಿಂತಿರುವಾಗಲೇ ಅವರು ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆಯನ್ನು ಕೆಳಗೆ ಮಾಡಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಬಲವಾಗಿ ಹೊಡೆದರು. ನಾಲ್ಕನೆಯ ಏಟಿಗೆ ಮಾಂಸದ ತುಂಡು ನೆಲಕ್ಕೆ ಬಿದ್ದಿತು. ತಾಯಿಯವರು ಅದನ್ನು ಎತ್ತಿ ಬೆರಳುಗಳ ನಡುವೆ ಹಿಸುಕಿ ನೋಡಿ, "ಇದು ಬೆಂದಿಲ್ಲ ಕಣೋ, ಬರೀ ಬಿಸಿ ಆಗಿದೆ" ಎಂದರು. ಆ ಮಾತು ಮನಸ್ಸಿನಲ್ಲಿ ನಿಂತಿತು. ಬಿಸಿಯಾಗುವುದು ಬೇರೆ, ಬೇಯುವುದು ಬೇರೆ ಎಂಬುದನ್ನು ಅವರು ಯಾವ ಪುಸ್ತಕವನ್ನೂ ಓದದೆ ಹೇಳಿದ್ದರು.

(ಓದುಗರ ಮನೆಗಳಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಮಾತನ್ನು ನೆನಪಿಡಬೇಕು: ಮಗು ಕೆಮ್ಮುತ್ತಿರುವಷ್ಟು ಹೊತ್ತು ಕೆಮ್ಮಲು ಬಿಡಬೇಕು, ಕೆಮ್ಮು ನಿಂತು ಉಸಿರು ಕಟ್ಟಿದರೆ ಮುಂದಕ್ಕೆ ಬಾಗಿಸಿ ಬೆನ್ನಿಗೆ ಐದು ಏಟು ಕೊಡಬೇಕು, ಒಂದು ವರ್ಷ ದಾಟಿದ ಮಗುವಾದರೆ, ಇದರಿಂದ ಆಗದಿದ್ದಾಗ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು, ಕಾಣದ ತುಂಡಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಜೊತೆಯಲ್ಲಿರುವವರು ೧೦೮ಕ್ಕೆ ಕರೆ ಮಾಡಬೇಕು.)

ಮೂರು ವರ್ಷದ ಮಗುವಿಗೆ ಹಾಲುಹಲ್ಲುಗಳಲ್ಲಿ ಎರಡನೆಯ ದವಡೆಹಲ್ಲು ಬಂದು ಹೆಚ್ಚು ಕಾಲವಾಗಿರುವುದಿಲ್ಲ. ಅಗಿಯುವ ಬಲವೂ ಕಡಮೆ, ನುಂಗುವ ಆತುರವೋ ಹೆಚ್ಚು. ನಾಲ್ಕು ವರ್ಷದೊಳಗಿನವರಿಗೆ ಗಟ್ಟಿಯಾದ ದುಂಡು ತುಂಡುಗಳು ಅಪಾಯವೆಂದು ವೈದ್ಯರು ಎಚ್ಚರಿಸುವುದು ಈ ಕಾರಣದಿಂದ. ಹಾಗಾದರೆ ಮಾಂಸವನ್ನೇ ಬಿಟ್ಟರಾಗದೆ? ಬಿಡುವ ಮನೆಗಳು ಬೇಳೆಕಾಳು ಸೊಪ್ಪುಗಳಿಂದ ಮಕ್ಕಳನ್ನು ಚೆನ್ನಾಗಿಯೇ ಬೆಳೆಸುತ್ತಿವೆ. ಆದರೆ ತಿನ್ನುವ ಮನೆಗಳಲ್ಲಿ ಮಗುವಿಗೆ ಮಾತ್ರ ಬರಿಯ ಸಾರು ಬಡಿಸಿ ಮಾಂಸವನ್ನು ದೊಡ್ಡವರು ತಿನ್ನುವ ರೂಢಿಯಿದೆ, ಇದು ನಷ್ಟ. ೨೦೧೯–೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿ ರಕ್ತಹೀನತೆಯುಳ್ಳವರು. ಮಾಂಸದಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಸೊಪ್ಪಿನದಕ್ಕಿಂತ ಸುಲಭವಾಗಿ ಹೀರಿಕೊಳ್ಳುವುದು. ಆದುದರಿಂದ ಮಾಂಸವನ್ನು ಮಗುವಿನ ಬಾಯಿಗೆ ತಕ್ಕಂತೆ ಮೆತ್ತಗೆ ಮಾಡುವುದು ಹೇಗೆಂಬುದು ಅಡಿಗೆಯ ಪುಸ್ತಕಕ್ಕೆ ಮಾತ್ರ ಬಿಡತಕ್ಕ ಪ್ರಶ್ನೆಯಲ್ಲ.

ಮೊದಲು ಮಾಂಸದ ರಚನೆಯನ್ನು ನೋಡೋಣ. ಸ್ನಾಯುವೆಂದರೆ ಸಸಾರಜನಕದ, ಎಂದರೆ ಪ್ರೋಟೀನಿನ, ಉದ್ದುದ್ದವಾದ ಎಳೆಗಳ ಕಟ್ಟು. ಅಡಕೆಯ ಹಾಳೆಯನ್ನು ಸೀಳಿದಾಗ ನಾರುಗಳು ಒಂದರ ಪಕ್ಕದಲ್ಲೊಂದು ಕಾಣುವಂತೆ ಇವೂ ಇರುವುವು. ಪ್ರತಿಯೊಂದು ಕಟ್ಟನ್ನೂ ಸುತ್ತಿ ಹಿಡಿದಿರುವ ತೆಳುವಾದ ಬಿಳಿಯ ಪೊರೆ ಬೇರೊಂದು ಸಸಾರಜನಕದ್ದು. ಅದರ ಹೆಸರು ಕೊಲಾಜೆನ್. ಎಳೆಗಳೂ ಪೊರೆಯೂ ಶಾಖಕ್ಕೆ ಒಂದೇ ರೀತಿ ವರ್ತಿಸುವುದಿಲ್ಲ. ಅಡಿಗೆಯವರ ಕಷ್ಟವೆಲ್ಲ ಹುಟ್ಟುವುದು ಇಲ್ಲಿಯೇ. ಸುಮಾರು ೫೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಳೆಗಳ ಸಸಾರಜನಕವು ತನ್ನ ಮಡಿಕೆಗಳನ್ನು ಬಿಚ್ಚಿಕೊಂಡು ಹೆಪ್ಪುಗಟ್ಟಲು ತೊಡಗುವುದು. ೬೦–೬೫ ಡಿಗ್ರಿಯಲ್ಲಿ ಕೊಲಾಜೆನ್ ಪೊರೆ ಕುಗ್ಗುವುದು. ಒದ್ದೆ ಬಟ್ಟೆಯನ್ನು ಎರಡು ಕೈಗಳಿಂದ ಹಿಂಡಿದಂತೆ ಅದು ಒಳಗಿನ ಎಳೆಗಳನ್ನು ಹಿಂಡಿ ನೀರನ್ನು ಹೊರಗೆ ತಳ್ಳುವುದು. ೭೦–೮೦ ಡಿಗ್ರಿಯ ಹೊತ್ತಿಗೆ ಮಾಂಸವು ಅತ್ಯಂತ ಒಣಗಿದ, ಅತ್ಯಂತ ಬಿರುಸಾದ ಸ್ಥಿತಿಯಲ್ಲಿರುವುದು. ನಮ್ಮ ಮೊದಲ ಪ್ರಯೋಗ ನಿಂತದ್ದು ಸರಿಯಾಗಿ ಈ ಜಾಗದಲ್ಲಿ.

ಇಲ್ಲಿಂದ ಮುಂದಕ್ಕೆ ಕೆಲಸ ಮಾಡುವುದು ಶಾಖ ಮಾತ್ರವಲ್ಲ, ಕಾಲವೂ ಹೌದು. ಕೊಲಾಜೆನ್ನಿನ ಅಣುವು ಹಗ್ಗದಂತೆ ಮೂರು ಎಳೆಗಳನ್ನು ಹೊಸೆದು ಮಾಡಿದ್ದು. ಉದ್ದ ಸುಮಾರು ೩೦೦ ನ್ಯಾನೋಮೀಟರ್, ದಪ್ಪ ಒಂದೂವರೆ ನ್ಯಾನೋಮೀಟರ್ ಮಾತ್ರ. ಈ ಮೂರೆಳೆಯ ಹೊಸೆತವನ್ನು ಜಗತ್ತಿಗೆ ತಿಳಿಸಿದವರು ನಮ್ಮ ದೇಶದ ಭೌತವಿಜ್ಞಾನಿಗಳೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ನರು ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆಗ ಅವರಿಗೆ ಮೂವತ್ತು ವರ್ಷ. ಅದೇ ವರ್ಷ ಅಲ್ಲಿಗೆ ಬಂದಿದ್ದ ಇಂಗ್ಲೆಂಡಿನ ಜೆ. ಡಿ. ಬರ್ನಾಲರು ಕೊಲಾಜೆನ್ನಿನ ರಚನೆ ಇನ್ನೂ ಬಗೆಹರಿದಿಲ್ಲವೆಂದು ಮಾತಿನ ನಡುವೆ ಹೇಳಿದರು. ರಾಮಚಂದ್ರನ್ನರೂ ಅವರ ಸಹೋದ್ಯೋಗಿ ಗೋಪಿನಾಥ ಕರ್ತರೂ ಅದನ್ನು ಹಿಡಿದು ಕ್ಷ-ಕಿರಣಗಳ ಚಿತ್ರಗಳನ್ನು ತೆಗೆದು, ೧೯೫೪ರಲ್ಲಿ ಮೂರೆಳೆಗಳ ಮಾದರಿಯನ್ನೂ ಮರುವರ್ಷ ಅದರ ತಿದ್ದಿದ ರೂಪವನ್ನೂ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಎಂಬ ಅತ್ಯಂತ ಚಿಕ್ಕ ಅಮಿನೋ ಆಮ್ಲವಿರುವುದರಿಂದಲೇ ಮೂರೆಳೆಗಳು ಅಷ್ಟು ಬಿಗಿಯಾಗಿ ಹೊಸೆದುಕೊಳ್ಳಲು ಸಾಧ್ಯವಾಯಿತೆಂಬುದು ಆ ರಚನೆಯ ತಿರುಳು. ರಾಮಚಂದ್ರನ್ನರು ೧೯೭೧ರ ಹೊತ್ತಿಗೆ ಬೆಂಗಳೂರಿಗೇ ಮರಳಿ ಬಂದು ಅಣು-ಜೀವಭೌತ ವಿಭಾಗವನ್ನು ಕಟ್ಟಿದರು. ಮಾಂಸವನ್ನು ಬೇಯಿಸುವ ಪ್ರತಿಯೊಬ್ಬ ಗೃಹಿಣಿಯೂ ಅವರು ಕಂಡುಹಿಡಿದ ಆ ಹೊಸೆತವನ್ನು ಬಿಚ್ಚುತ್ತಿರುವಳು!

ಬಿಚ್ಚಿದ ಕೊಲಾಜೆನ್ನಿಗೆ ಜೆಲಟಿನ್ ಎಂದು ಹೆಸರು. ಮೂರೆಳೆಗಳನ್ನು ಹಿಡಿದಿರುವ ಜಲಜನಕ ಬಂಧಗಳು ಶಾಖದಿಂದ ಸಡಿಲವಾಗುವುವು. ಪಕ್ಕದ ಹಗ್ಗಗಳಿಗೆ ಬಿಗಿದ ಅಡ್ಡಕಟ್ಟುಗಳನ್ನು ನೀರು ನಿಧಾನವಾಗಿ ಕಡಿಯುವುದು. ಅದಕ್ಕಾಗಿಯೇ ನೀರು ಬೇಕು, ಹೊತ್ತೂ ಬೇಕು. ವಯಸ್ಸಾದ ಪ್ರಾಣಿಯಲ್ಲಿ ಅಡ್ಡಕಟ್ಟುಗಳು ಹೆಚ್ಚು. ಮುದಿ ಹಂದಿಯ ಮಾಂಸ ಮರಿಯದರಂತೆ ಬೇಗ ಬೇಯದಿರುವುದು ಈ ಕಾರಣದಿಂದ. ಪೂರ್ತಿಯಾಗಿ ಜೆಲಟಿನ್ ಆದಾಗ ಎಳೆಗಳ ನಡುವಣ ಹಿಡಿತ ತಪ್ಪಿ ಬೆರಳಿನ ಒತ್ತಡಕ್ಕೆ ಅವು ಬೇರೆಯಾಗುವುವು. ಹೊರಟುಹೋದ ನೀರು ಮರಳದಿದ್ದರೂ ಜೆಲಟಿನ್ನೂ ಕರಗಿದ ಕೊಬ್ಬೂ ನಾಲಿಗೆಗೆ ರಸದ ಭಾವನೆಯನ್ನು ಕೊಡುವುವು. ಇಲ್ಲೊಂದು ವಿಚಿತ್ರವಿದೆ. ನಾವು ಒಳ್ಳೆಯದೆಂದು ಆರಿಸಿ ತಂದ ಬೆನ್ನಿನ ಮಾಂಸದಲ್ಲಿ ಕೊಲಾಜೆನ್ ಕಡಮೆ. ಅದನ್ನು ಎಷ್ಟು ಹೊತ್ತು ಬೇಯಿಸಿದರೂ ಒಣಗಿದ ಎಳೆಗಳೇ ಉಳಿಯುವುವು. ದಿನವೆಲ್ಲ ದುಡಿಯುವ ಭುಜ ಮತ್ತು ಕಾಲಿನ ಮಾಂಸದಲ್ಲಿ ಪೊರೆ ಹೆಚ್ಚು. ಹಸಿಯಾಗಿದ್ದಾಗ ಗಟ್ಟಿ, ಬೆಂದಮೇಲೆ ಬೆಣ್ಣೆ. ಕಡಮೆ ಬೆಲೆಯ ತುಂಡೇ ಮಗುವಿಗೆ ಒಳ್ಳೆಯದೆಂಬುದು ನಮ್ಮಂಥ ಸಂಬಳದವರಿಗೆ ಸಂತೋಷದ ವಿಷಯ.

ನಮ್ಮ ಬೆಟ್ಟಗಳ ಜನಕ್ಕೆ ಇದು ಹೊಸದಲ್ಲ. ಮೂಡಿಗೆರೆ ಕಳಸಗಳ ಕಡೆಯ ಗೌಡರ ಮನೆಗಳಲ್ಲಿ ಕಡುಬು ಅಥವಾ ಅಕ್ಕಿ ರೊಟ್ಟಿಯ ಜೊತೆಗೆ ಮಾಡುವ ಹಂದಿ ಸಾರು, ಕರಾವಳಿಯಿಂದ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರ ಬಾಫಾತ್, ನೆರೆಯ ಕೊಡಗಿನ ಪಂದಿ ಕರಿ, ಇವೆಲ್ಲವೂ ನಿಧಾನದ ಅಡಿಗೆಗಳೇ. (ಹಿಂದಿನ ಕಾಲದಲ್ಲಿ ಕಾಡುಹಂದಿಯ ಬೇಟೆಯೂ ಇತ್ತು, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ತರುವಾಯ ಅದು ಅಪರಾಧ. ನಾವು ಹೇಳುತ್ತಿರುವುದು ಸಾಕಿದ ಹಂದಿಯ ಮಾತು.) ಕೊಡಗಿನವರು ಕಾಚಂಪುಳಿಯನ್ನು ಹಾಕುವರು; ಉಪ್ಪಾಗೆಯ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಬತ್ತಿಸಿದ ಹುಳಿ ಅದು. ಹುಳಿಯು ರುಚಿಗೆ ಮಾತ್ರವಲ್ಲ. ಆಮ್ಲದಲ್ಲಿ ಕೊಲಾಜೆನ್ ಉಬ್ಬಿ ಬೇಗ ಸಡಿಲವಾಗುವುದು.

ಆದರೆ ಬೆಟ್ಟದ ಮೇಲೆ ಬೇಯಿಸುವವರಿಗೆ ಪ್ರಕೃತಿಯು ಸಣ್ಣದೊಂದು ತೆರಿಗೆಯನ್ನು ವಿಧಿಸಿದೆ. ಸಮುದ್ರಮಟ್ಟದಲ್ಲಿ ವಾಯುಭಾರವು ಪಾದರಸದ ೭೬೦ ಮಿಲಿಮೀಟರಿನಷ್ಟು. ಸುಮಾರು ೧,೦೯೦ ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಅದು ಹೆಚ್ಚುಕಡಮೆ ೬೬೭ ಮಿಲಿಮೀಟರಿಗೆ ಇಳಿಯುವುದು. ಮೇಲಿನಿಂದ ಅದುಮುವ ಗಾಳಿ ಕಡಮೆಯಾದುದರಿಂದ ನೀರು ಬೇಗನೆ ಆವಿಯಾಗಿ ಸುಮಾರು ೯೬.೪ ಡಿಗ್ರಿಯಲ್ಲಿಯೇ ಕುದಿಯುವುದು. ಸುಮಾರು ೮೦೦ ಮೀಟರಿನ ಕಳಸದಲ್ಲಿ ೯೭ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಮೂಡಿಗೆರೆ ಇವೆರಡರ ನಡುವೆ. ೧,೯೩೦ ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಒಲೆ ಹೂಡಿದರೆ ೯೪ ಡಿಗ್ರಿಯೂ ದಾಟದು. ಮೂರುನಾಲ್ಕು ಡಿಗ್ರಿಗಳಿಂದ ಏನಾದೀತು ಎನ್ನಬಾರದು. ಹತ್ತು ಡಿಗ್ರಿ ಹೆಚ್ಚಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುವುದೆಂಬ ಸ್ಥೂಲವಾದ ನಿಯಮವೊಂದಿದೆ. ಅದರಂತೆ ಲೆಕ್ಕ ಹಾಕಿದರೆ ಮಂಗಳೂರಿನಲ್ಲಿ ಒಂದೂವರೆ ಗಂಟೆ ಹಿಡಿಯುವ ಮಾಂಸ ಚಿಕ್ಕಮಗಳೂರಿನಲ್ಲಿ ಎರಡು ಗಂಟೆಯ ಹತ್ತಿರ ಹಿಡಿಯುವುದು. ಮಾಂಸ ತಿನ್ನದ ಓದುಗರು ತಮ್ಮ ತೊಗರಿಬೇಳೆಯಲ್ಲಿ ಇದನ್ನೇ ಕಂಡಿರಬಹುದು.

ಈಗ ಯಂತ್ರದ ಕಡೆಗೆ ಬರೋಣ. ೨೦೧೦ರಲ್ಲಿ ಫಿಲಿಪ್ಸ್ ಸಂಸ್ಥೆಯು ಮಾರುಕಟ್ಟೆಗೆ ತಂದ ಬಳಿಕ ಏರ್ ಫ್ರೈಯರ್ ಎಲ್ಲೆಡೆ ಹಬ್ಬಿತು. ಹೆಸರು ಹುರಿಯುವ ಯಂತ್ರವೆಂದಾದರೂ ಇದು ಪುಟ್ಟದೊಂದು ಭಟ್ಟಿ: ಮೇಲೆ ಕಾಯುವ ತಂತಿಯ ಸುರುಳಿ, ಅದರ ಹಿಂದೆ ಬಿರುಸಾಗಿ ತಿರುಗುವ ಬೀಸಣಿಗೆ, ಕೆಳಗೆ ತೂತುಗಳ ಬುಟ್ಟಿ. ಯಾವ ಪದಾರ್ಥದ ಮೈಮೇಲೂ ಕದಲದ ಗಾಳಿಯ ತೆಳು ಪದರವೊಂದು ಅಂಟಿಕೊಂಡಿರುವುದು. ಅದು ಕಂಬಳಿಯಂತೆ ಶಾಖವನ್ನು ತಡೆಯುವುದು. ಬೀಸಣಿಗೆಯು ಈ ಕಂಬಳಿಯನ್ನು ತೆಳುವಾಗಿಸಿ ಶಾಖವನ್ನು ಬೇಗನೆ ಒಳಗೆ ನೂಕುವುದು. ಯಂತ್ರದ ಮಹಿಮೆಯೆಲ್ಲ ಇಷ್ಟೇ.

ಆದರೆ ಅದೇ ಗಾಳಿ ಮತ್ತೊಂದು ಕೆಲಸವನ್ನೂ ಮಾಡುವುದು. ಜನವರಿ ತಿಂಗಳಲ್ಲಿ ಕಣದ ಮೇಲೆ ಹರಡಿದ ಕಾಫಿ ಗಾಳಿ ಬೀಸಿದ ದಿನ ಬೇಗ ಒಣಗುವುದನ್ನು ನಮ್ಮೂರಿನ ಮಕ್ಕಳೆಲ್ಲ ಬಲ್ಲರು. ಬುಟ್ಟಿಯಲ್ಲಿ ಬಿಚ್ಚಾಗಿಟ್ಟ ಮಾಂಸಕ್ಕೂ ಆಗುವುದು ಅದೇ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೪೦ ಕ್ಯಾಲೊರಿ ಶಾಖ ಬೇಕು. ಮೈ ಒದ್ದೆಯಾಗಿರುವಷ್ಟು ಹೊತ್ತು ಯಂತ್ರದ ಶಾಖ ಆವಿಯಾಗುವುದಕ್ಕೇ ಖರ್ಚಾಗಿ ಮೇಲ್ಮೈ ತಂಪಾಗಿಯೇ ಉಳಿಯುವುದು. ಒದ್ದೆ ಆರಿದ ಮೇಲೆ ಮಾತ್ರ ಮೈ ೧೦೦ ಡಿಗ್ರಿಯನ್ನು ದಾಟಿ ಏರುವುದು. ೧೪೦ರ ಆಚೆಗೆ ಸಕ್ಕರೆಯೂ ಅಮಿನೋ ಆಮ್ಲಗಳೂ ಕೂಡಿ ಕಂದುಬಣ್ಣವೂ ಪರಿಮಳವೂ ಬೇಗಬೇಗನೆ ಹುಟ್ಟುವುವು. ಫ್ರಾನ್ಸಿನ ಮಯಾರ್ ಎಂಬ ವಿದ್ವಾಂಸ ೧೯೧೨ರಲ್ಲಿ ವಿವರಿಸಿದ ಕ್ರಿಯೆ ಇದು. ಕಾಫಿ ಬೀಜವನ್ನು ಹುರಿಯುವಾಗ ಪೇಟೆಯ ಬೀದಿಯೆಲ್ಲ ಘಮಗುಟ್ಟುವುದಕ್ಕೂ ಇದೇ ಮುಖ್ಯ ಕಾರಣ. ಹೀಗೆ ಬಿಚ್ಚಿಟ್ಟ ಮಾಂಸ ಹೊರಗೆ ಹುರಿದು, ನಡುವೆ ಒಣಗಿ, ಪೊರೆ ಕರಗುವ ಮೊದಲೇ ಮುಗಿದುಹೋಗುವುದು. ಬುಟ್ಟಿ ಮೂವತ್ತು ನಿಮಿಷ ಕಾಯಬಲ್ಲುದು. ಕೊಲಾಜೆನ್ ಎರಡು ಗಂಟೆ ಕೇಳುವುದು.

ಪರಿಹಾರ ಸರಳ: ಮುಚ್ಚಳವಿರುವ ಸ್ಟೀಲಿನ ಡಬ್ಬಿಯಲ್ಲಿ ರಸದೊಡನೆ ಮಾಂಸವನ್ನಿಟ್ಟು, ಆ ಡಬ್ಬಿಯನ್ನು ಬುಟ್ಟಿಯಲ್ಲಿಡುವುದು. ನಾವು ಹೀಗೆ ಮಾಡಿ ಕಾಲೇಜಿನ ಉಷ್ಣಮಾಪಕವನ್ನು ಮುಚ್ಚಳದ ಸಂದಿನಿಂದ ಇಳಿಬಿಟ್ಟೆವು. ನೋಡಲು ಬಂದ ಇಬ್ಬರು ವಿದ್ಯಾರ್ಥಿಗಳು ಯಂತ್ರದ ಮುಖದಲ್ಲಿ ೧೬೦ ಎಂದಿರುವುದರಿಂದ ರಸವೂ ೧೬೦ಕ್ಕೆ ಏರುವುದೆಂದು ವಾದಿಸಿದರು. ಪಾದರಸ ೯೫–೯೬ರ ನಡುವೆ ಬಂದು ನಿಂತಿತು, ಮತ್ತೆ ಕದಲಲಿಲ್ಲ. ಡಬ್ಬಿಯಲ್ಲಿ ನೀರಿರುವವರೆಗೆ ಹೊರಗಿನ ಗಾಳಿ ೧೬೦ ಇದ್ದರೇನು, ೨೦೦ ಇದ್ದರೇನು? ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹೊರಡುವುದು. ಎಂದಮೇಲೆ ಮಾಂಸವನ್ನು ಮೆತ್ತಗೆ ಮಾಡುವುದರಲ್ಲಿ ಈ ಯಂತ್ರವು ಸೌದೆಯ ಒಲೆಗಿಂತ ಒಂದು ಡಿಗ್ರಿಯಷ್ಟೂ ಮೇಲಲ್ಲ. ಹನ್ನೆರಡು ಸಾವಿರ ರೂಪಾಯಿ ಕೊಟ್ಟವರಿಗೆ ಈ ಮಾತು ರುಚಿಸದಿರಬಹುದು.

ಡಬ್ಬಿಗೆ ಮುಚ್ಚಳದ ಬದಲು ಅಲ್ಯೂಮಿನಿಯಂ ಹಾಳೆಯನ್ನು ಹೊದಿಸಿದ ದಿನ ಮತ್ತೊಂದು ಪಾಠವಾಯಿತು: ಬೀಸಣಿಗೆಯ ಗಾಳಿಗೆ ಹಾಳೆ ಎದ್ದು ಕಾದ ಸುರುಳಿಗೆ ತಗಲಿ ಸುಟ್ಟ ವಾಸನೆ ಹರಡಿತು. ಹುಳಿಯೂ ಉಪ್ಪೂ ಇರುವ ರಸಕ್ಕೆ ಆ ಹಾಳೆ ಹೇಗೂ ತಕ್ಕದ್ದಲ್ಲ. ಭಾರವಾದ ಮುಚ್ಚಳವೇ ಲೇಸು. ಡಬ್ಬಿಯ ಸುತ್ತಲೂ ಗಾಳಿ ಸುಳಿಯಲು ಬೆರಳಗಲ ಜಾಗವಿರಬೇಕು.

ಹಾಗಾದರೆ ನಿಜವಾಗಿ ಬೇಗ ಮೆತ್ತಗಾಗಬೇಕಾದರೆ? ಉತ್ತರವನ್ನು ೧೬೭೯ರಲ್ಲಿಯೇ ಡೆನಿ ಪಾಪಾಂ ಎಂಬ ಫ್ರೆಂಚ್ ಭೌತವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟಿದ್ದ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಆವಿಯನ್ನು ಕೂಡಿಹಾಕಿ, ಒತ್ತಡ ಮಿತಿಮೀರದಂತೆ ಕವಾಟವೊಂದನ್ನಿಟ್ಟು, ಮೂಳೆಗಳನ್ನೂ ಗಿಣ್ಣಿನಂತೆ ಮೆತ್ತಗೆ ಮಾಡಿ ತೋರಿಸಿದ. ೧೬೮೨ರಲ್ಲಿ ಆ ಸಂಸ್ಥೆಯ ಸದಸ್ಯರು ಅದರಲ್ಲಿ ಬೇಯಿಸಿದ ಊಟವನ್ನೇ ಉಂಡರು. ನಮ್ಮ ಕುಕ್ಕರು ಅದರ ಮೊಮ್ಮಗು. ಕುಕ್ಕರಿನ ತೂಕವು ಹೊರಗಿನ ವಾಯುಭಾರದ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಒತ್ತಡವನ್ನು ಕೂಡಿಸುವುದು. ಹೊರಗಿನ ಭಾರವೇ ಕಡಮೆಯಿರುವ ಚಿಕ್ಕಮಗಳೂರಿನಲ್ಲಿ ಒಳಗಿನ ಉಷ್ಣತೆ ಸಮುದ್ರತೀರದ ೧೨೧ ಡಿಗ್ರಿಗೆ ಬದಲಾಗಿ ಸುಮಾರು ೧೧೮ ಆಗುವುದು. ತೆರೆದ ಪಾತ್ರೆಗಿಂತ ೨೨ ಡಿಗ್ರಿ ಹೆಚ್ಚು. ವೇಗ ನಾಲ್ಕು ಪಟ್ಟಿಗೂ ಮೇಲೆ. ಎರಡು ಗಂಟೆಯ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುವುದು. ನಮ್ಮನ್ನು ಕೇಳಿದರೆ, ಬೇಯಿಸುವುದಕ್ಕೆ ಕುಕ್ಕರು, ಕೊನೆಯಲ್ಲಿ ಬಣ್ಣ ಬರಿಸುವುದಕ್ಕೆ ಏರ್ ಫ್ರೈಯರ್, ಇದೇ ಸರಿಯಾದ ಹಂಚಿಕೆ. ಆದರೂ ಒಲೆಯ ಮುಂದೆ ನಿಲ್ಲಲು ಪುರುಸೊತ್ತಿಲ್ಲದವರಿಗೆ ಮುಚ್ಚಿದ ಡಬ್ಬಿಯ ಉಪಾಯ ಅನುಕೂಲ.

ಕೊರಿಯಾದವರು ತಮ್ಮ ನಾಡಿನ ಪೇರಳೆಯನ್ನು, ಎಂದರೆ ನಾವು ಮರಸೇಬು ಎನ್ನುವ ಜಾತಿಯ ಹಣ್ಣನ್ನು, ತುರಿದು ಮಾಂಸಕ್ಕೆ ಬೆರೆಸುವುದುಂಟು. ಸಿಹಿಗೂ ಆಯಿತು, ಮೆತ್ತಗೂ ಆಯಿತು. ನಮ್ಮ ಹಿತ್ತಿಲಿನ ಪರಂಗಿಕಾಯಿ ಈ ಕೆಲಸದಲ್ಲಿ ಅದಕ್ಕಿಂತ ಬಲಶಾಲಿ. ಅದರ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವವು ಸಸಾರಜನಕವನ್ನು ಕತ್ತರಿಸುವುದು. ೬೦–೭೦ ಡಿಗ್ರಿಯಲ್ಲಿ ಚುರುಕು, ಕುದಿಯುವ ಹೊತ್ತಿಗೆ ನಾಶ. ಆದರೆ ಅದು ಮೇಲ್ಮೈಯಿಂದ ಕೆಲವು ಮಿಲಿಮೀಟರಿಗಿಂತ ಒಳಗೆ ಇಳಿಯದು. ರಾತ್ರಿಯೆಲ್ಲ ನೆನೆಸಿದರೆ ಹೊರಗೆ ಹಿಟ್ಟು, ಒಳಗೆ ಕಲ್ಲು! ಅರ್ಧ ಗಂಟೆ ಸಾಕು.

ತುಂಡಿನ ಗಾತ್ರದಲ್ಲಿಯೂ ಲೆಕ್ಕವಿದೆ. ಶಾಖವು ನಡುವಿಗೆ ತಲಪುವ ಕಾಲವು ದಪ್ಪದ ವರ್ಗಕ್ಕೆ ಅನುಗುಣ. ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿ. ಮಗುವಿಗಾಗಿ ಮಾಡುವಾಗ ಎಳೆಗಳಿಗೆ ಅಡ್ಡಲಾಗಿ ಎರಡು ಸೆಂಟಿಮೀಟರಿಗೆ ಕತ್ತರಿಸಬೇಕು. ಜಾಂಗ್‌ಜೊರಿಮ್‌ನಲ್ಲಿ ಬೆಂದ ಮಾಂಸವನ್ನು ಎಳೆಯುದ್ದಕ್ಕೆ ಬಿಡಿಸುವರು. ಮೊದಲೇ ಅಡ್ಡಲಾಗಿ ಕತ್ತರಿಸದಿದ್ದರೆ ಉದ್ದನೆಯ ದಾರದಂತಹ ಎಳೆಗಳು ಎಳೆಯ ಗಂಟಲಿಗೆ ತೊಡಕು. ಎರಡು ಬೆರಳುಗಳ ನಡುವೆ ಹಿಸುಕಿದಾಗ ಎಳೆಗಳು ತಾವಾಗಿ ಬೇರೆಯಾಗಬೇಕು. ತಾಯಿಯವರ ಈ ಪರೀಕ್ಷೆಗಿಂತ ಉತ್ತಮವಾದ ಉಪಕರಣವನ್ನು ನಮ್ಮ ಪ್ರಯೋಗಶಾಲೆಯಲ್ಲಿ ನಾವು ಕಾಣಲಿಲ್ಲ.

ಉಪ್ಪಿನ ವಿಷಯದಲ್ಲಿ ಹೆಚ್ಚು ಜಾಗರೂಕರಾಗಬೇಕು. ಸೋಯಾ ಸಾಸಿನ ೧೦೦ ಮಿಲಿಲೀಟರಿನಲ್ಲಿ ೧೫ ಗ್ರಾಮಿಗೂ ಹೆಚ್ಚು ಉಪ್ಪಿರುವುದು. ಒಂದು ದೊಡ್ಡ ಚಮಚದಲ್ಲಿ ಎರಡು ಗ್ರಾಮಿನ ಮೇಲೆ. ದೊಡ್ಡವರಿಗೇ ದಿನಕ್ಕೆ ಐದು ಗ್ರಾಮಿಗಿಂತ ಕಡಮೆಯಿರಲೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಮಗುವಿಗೆ ಇನ್ನೂ ಎಷ್ಟೋ ಕಡಮೆ. ರಸ ಬತ್ತಿದಾಗ ಹೋಗುವುದು ನೀರು ಮಾತ್ರ, ಉಪ್ಪಲ್ಲ. ಅರ್ಧ ಕಿಲೋ ಮಾಂಸಕ್ಕೆ ಒಂದೇ ಚಮಚ ಸಾಸು ಹಾಕಿ, ಬೇರೆ ಉಪ್ಪನ್ನು ಮುಟ್ಟದೆ, ಒಂದು ತುಂಡು ಬೆಲ್ಲ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಅರ್ಧ ಈರುಳ್ಳಿ, ಮುಳುಗುವಷ್ಟು ನೀರು, ಇಷ್ಟರಲ್ಲಿಯೇ ನಾವು ಮುಗಿಸಿದೆವು. ದೊಡ್ಡವರು ತಮ್ಮ ಪಾಲಿಗೆ ಆಮೇಲೆ ಖಾರವನ್ನೋ ಸಾಸನ್ನೋ ಹಾಕಿಕೊಳ್ಳಲಿ.

ಹಂದಿಯ ಮಾಂಸವೆಂದರೆ ಲಾಡಿಹುಳುವಿನ ಭಯ ಅನೇಕರಿಗೆ. ಭಯವು ನಿರಾಧಾರವಲ್ಲ, ಆದರೆ ಸ್ವಲ್ಪ ತಪ್ಪು ದಾರಿಯದು. ಅರೆಬೆಂದ ಮಾಂಸದಲ್ಲಿನ ಮರಿಗೂಡುಗಳಿಂದ ಕರುಳಿನಲ್ಲಿ ಹುಳು ಬೆಳೆಯುವುದು ನಿಜ. ಆದರೆ ಮೆದುಳಿಗೆ ಸೇರಿ ಅಪಸ್ಮಾರವನ್ನುಂಟುಮಾಡುವ ರೋಗವು ಬರುವುದು ಹುಳುವಿನ ಮೊಟ್ಟೆಗಳಿಂದ. ಅವು ಮನುಷ್ಯನ ಮಲದಿಂದ ನೀರು, ಸೊಪ್ಪು, ತೊಳೆಯದ ಕೈಗಳ ಮೂಲಕ ಹರಡುವುವು. ಮಾಂಸವನ್ನೇ ಮುಟ್ಟದವರಿಗೂ ಅದು ಬರಬಹುದು. ಗಂಟೆಗಟ್ಟಲೆ ೯೬ ಡಿಗ್ರಿಯಲ್ಲಿ ಕುದಿದ ಮಾಂಸದಲ್ಲಿ ಮರಿಗೂಡು ಉಳಿಯದು. ಉಳಿಯಬಲ್ಲುದು ಬೇರೊಂದು: ಕುದಿಯುವ ನೀರಿಗೂ ಸಾಯದ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು. ಮಾಂಸವನ್ನು ಉಗುರುಬೆಚ್ಚಗೆ ಬಹಳ ಹೊತ್ತು ಬಿಟ್ಟರೆ ಅವು ಮೊಳೆತು ಬೆಳೆಯುವುವು. ಉಳಿದುದನ್ನು ಅಗಲವಾದ ತಟ್ಟೆಗೆ ಹಾಕಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಶೀತಕಪೆಟ್ಟಿಗೆಗೆ ಸೇರಿಸಬೇಕು.

ನಮ್ಮ ಕೊನೆಯ ಪ್ರಯೋಗ ನಡೆದದ್ದು ಜುಲೈ ತಿಂಗಳಲ್ಲಿ, ಕಳಸದ ಹತ್ತಿರದ ತಾಯಿಯವರ ಮನೆಯಲ್ಲಿ. ಭುಜದ ಮಾಂಸ, ಸ್ಟೀಲಿನ ಡಬ್ಬಿ, ಭಾರವಾದ ಮುಚ್ಚಳ. ಯಂತ್ರವನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋಗಿದ್ದೆವು. ರಸವನ್ನು ಮೊದಲು ಗ್ಯಾಸಿನ ಮೇಲೆ ಕುದಿಸಿ ಆಮೇಲೆ ಯಂತ್ರದೊಳಗಿಟ್ಟರೆ ಅರ್ಧ ಗಂಟೆ ಉಳಿಯುವುದೆಂದು ಆ ಹೊತ್ತಿಗೆ ಕಲಿತಿದ್ದೆವು. ಆದರೂ ರಸ ಕುದಿಯುವುದನ್ನು ನಿಲ್ಲಿಸಿ ೮೮ ಡಿಗ್ರಿಯಲ್ಲಿ ತೂಕಡಿಸತೊಡಗಿತು. ಕಾರಣ ಯಂತ್ರದಲ್ಲಿರಲಿಲ್ಲ, ತಂತಿಯಲ್ಲಿತ್ತು: ವೋಲ್ಟೇಜು ೧೮೦ಕ್ಕೆ ಇಳಿದಿತ್ತು. ಸುರುಳಿಯ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವೆಂಬುದನ್ನು ಓದುಗರು ಬಲ್ಲರಷ್ಟೆ. ೨೩೦ ವೋಲ್ಟಿನಲ್ಲಿ ೧,೫೦೦ ವಾಟ್ ಕೊಡುವ ಸುರುಳಿ ೧೮೦ರಲ್ಲಿ ಕೊಡುವುದು ಸುಮಾರು ೯೨೦, ಬೀಸಣಿಗೆಯೂ ಸೊರಗುವುದು. ಎಪ್ಪತ್ತನೆಯ ನಿಮಿಷಕ್ಕೆ ಎಲ್ಲಿಯೋ ಮರ ಬಿದ್ದು ವಿದ್ಯುತ್ತೇ ನಿಂತುಹೋಯಿತು.

ತಾಯಿಯವರು ಏನೂ ಹೇಳದೆ ಡಬ್ಬಿಯನ್ನು ಇಕ್ಕಳದಿಂದ ಎತ್ತಿ ಸೌದೆಯ ಒಲೆಯ ಮೇಲಿಟ್ಟು ಒಂದು ಕೊಳ್ಳಿಯನ್ನು ಹಿಂದಕ್ಕೆಳೆದರು. ಉಷ್ಣಮಾಪಕ ೯೭ಕ್ಕೆ ಬಂದು ನಿಂತಿತು. ಇನ್ನು ಒಂದು ಗಂಟೆಯ ಮೇಲೆ ಅವರು ತುಂಡೊಂದನ್ನು ಹಿಸುಕಿ, "ಈಗ ಕೊಡು ಮಗೂಗೆ" ಎಂದರು. ಎಳೆಗಳನ್ನು ಬಿಡಿಸಿ ಅನ್ನದಲ್ಲಿ ಕಲಸಿ ಕೊಟ್ಟಾಗ ಮಗಳು ಮೊದಲು ಅನುಮಾನದಿಂದ ನೋಡಿದಳು; ಆಮೇಲೆ ತಟ್ಟೆಯನ್ನು ಮುಂದಕ್ಕೆ ನೂಕಿ ಮತ್ತೆ ಬೇಕೆಂದಳು. ಯಂತ್ರವಿಲ್ಲದೆ ಕಂದುಬಣ್ಣ ಬರಲಿಲ್ಲ. ಅದನ್ನು ಕೇಳಿದವರೂ ಇರಲಿಲ್ಲ.

ರಾತ್ರಿ ಉಳಿದ ಮಾಂಸವನ್ನು ದೊಡ್ಡವರು ಮುಗಿಸಿದರು. ಡಬ್ಬಿಯ ತಳದಲ್ಲಿ ನಾಲ್ಕು ಚಮಚದಷ್ಟು ರಸವನ್ನು ನಾವು ಬೇಕೆಂದೇ ಬಿಟ್ಟಿದ್ದೆವು. ಬೆಳಗ್ಗೆ ಮಳೆ ಸುರಿಯುತ್ತಿತ್ತು. ಅಡಿಗೆಯ ಕೋಣೆಯಲ್ಲ ಉಷ್ಣತೆ ೧೯ ಡಿಗ್ರಿ. ಡಬ್ಬಿಯನ್ನು ಓರೆ ಮಾಡಿದರೆ ರಸ ಹರಿಯಲಿಲ್ಲ. ಕಂದುಬಣ್ಣದ ಗಟ್ಟಿಯೊಂದು ನಡುಗಿತು. ಮಗಳು ಅದನ್ನು ಬೆರಳಿನಿಂದ ಮುಟ್ಟಿ, ಬೆರಳಿನ ಬಿಸಿಗೆ ಅದು ಕರಗಿದ್ದನ್ನು ಕಂಡು, ಇನ್ನೊಂದು ಕಡೆ ಮುಟ್ಟಿದಳು.